ಛಾಯಾಗ್ರಹಣ: ಕಲ್ಲು

ಹನ್ನೊಂದು ಚಿತ್ರ, ಹನ್ನೊಂದು ಹಾಳೆ, ಒಂದು ಕೆಂಪು ಪೆನ್ನು.
ಕೋಡಿಬಾಗದ ಬಾಡಿಗೆ ಮನೆಯಲ್ಲಿ ಫ್ಯಾನು
ಮೂರರಲ್ಲೇ ತಿರುಗಬೇಕು,
ನಾಲ್ಕಕ್ಕೆ ಇಟ್ಟರೆ ಅಂಕಪಟ್ಟಿ ಅಡುಗೆಮನೆಗೆ ಹಾರುತ್ತದೆ.
ಕಟ್ಟಳೆ ನಾನೇ ಬರೆದದ್ದು:
ಚೌಕಟ್ಟಿಗೆ ಇಪ್ಪತ್ತು, ಧ್ವನಿಗೆ ಇಪ್ಪತ್ತು,
ಸಂಕಲನಕ್ಕೆ ಇಪ್ಪತ್ತು, ಸಂಶೋಧನೆಗೆ ಹತ್ತು.
ಉಳಿದ ಮೂವತ್ತಕ್ಕೆ ಹೆಸರು ಹೊಳೆಯದೆ
‘ಒಟ್ಟು ಪರಿಣಾಮ’ ಅಂದಿದ್ದೆ ಜೂನಿನಲ್ಲಿ.

ಮೊದಲನೆಯದು ಡ್ರೋನು. ಸದಾಶಿವಗಡದ ಮೇಲೆ ಹದ್ದಿನ ಹಾಗೆ ಸುತ್ತಿ
ಕಾಳಿಯನ್ನು ಜಡೆಗೆ ಕಟ್ಟುವ ರಿಬ್ಬನ್ನು ಮಾಡಿ
ಎಲ್ಲಿ ಇಳಿಯಬೇಕೆಂದು ತಿಳಿಯದ ಹುಡುಗ.
ಎರಡನೆಯದರಲ್ಲಿ ಕೊಳಲು. ಸಾವಿಗೂ ಕೊಳಲು, ಸಂತೆಗೂ ಕೊಳಲು.
ಬೈತಖೋಲದ ಐಸ್ ಕಾರ್ಖಾನೆಗೆ ಹೋದ ನೌಶಾದನಿಗೆ ಮಾತ್ರ ಕಿವಿಯಿದೆ:
ಮಂಜಿನ ಗಡ್ಡೆ ಹಲಗೆಯ ಮೇಲೆ ಜಾರಿದರೆ
ಇಲ್ಲಿ ನನ್ನ ಬೆನ್ನು ತಣ್ಣಗಾಯಿತು.
ಹತ್ತೊಂಬತ್ತು ಕೊಟ್ಟೆ.
ಒಂದನ್ನು ಯಾಕೆ ಇಟ್ಟುಕೊಂಡೆ? ಮೇಷ್ಟ್ರ ಚಟ.

ಒಂಬತ್ತನೆಯದು ಸ್ನೇಹಲ್ ತಾಂಡೇಲಳದು, ಏಳು ನಿಮಿಷ.
ಸುಂಕೇರಿಯ ಹಿಂದೆ ಹೊಳೆ ಇಳಿದ ಹೊತ್ತು,
ಮೊಣಕಾಲುದ್ದ ಕೆಸರು, ಕಾಲಿನಿಂದಲೇ ತಡಕಿ ಬಳಚು ಎತ್ತುವ ಅಮ್ಮ.
ಕೈ ನಡುಗುತ್ತದೆ ಹುಡುಗಿಗೆ, ದಿಗಂತ ಓರೆ,
ಕ್ಲಾಸಿನಲ್ಲಿ ಹೇಳಿದ್ದು ಒಂದೂ ನೆನಪಿದ್ದಂತಿಲ್ಲ.
ಎರಡು ನಿಮಿಷ ನಲವತ್ತು ಸೆಕೆಂಡಿಗೆ ಅಮ್ಮ ತಲೆಯೆತ್ತಿ
‘ತೆಂ ದವರ್. ಹೆಂ ಧರ್.’
ಕೆಳಗೆ ಕನ್ನಡದಲ್ಲಿ: ಅದನ್ನು ಇಡು. ಇದನ್ನು ಹಿಡಿ.

ಇಟ್ಟಳು. ಒಂದು ಕಲ್ಲಿಗೆ ಆನಿಸಿ, ಆರಿಸದೆ.

ಆಮೇಲೆ ನಾಲ್ಕು ನಿಮಿಷ
ಕಪ್ಪು ಕಲ್ಲಿನ ಅಂಚು, ಬಿಳಿಚಿದ ಆಕಾಶ.
ಒಂದು ಏಡಿ ಬಂದು, ನನ್ನನ್ನು ನೋಡಿ, ಹಿಂದಕ್ಕೆ ಹೋಯಿತು.
ಬಳಚು ಬೀಳುವ ಸದ್ದು: ಮೊದಲು ಬಕೆಟ್ಟಿನ ತಳಕ್ಕೆ ಠಣ್, ಠಣ್,
ಆಮೇಲೆ ಚಿಪ್ಪಿನ ಮೇಲೆ ಚಿಪ್ಪು, ಕಟ್, ಕಟ್,
ಆಮೇಲೆ ಬರೀ ಒಂದು ಒದ್ದೆ ಸದ್ದು.
ತುಂಬಿತು ಅಂತ ಕಣ್ಣಿಲ್ಲದೆ ಗೊತ್ತಾಯಿತು.
ನಡುವೆ ಫೀಸಿನ ಮಾತು, ರತ್ನಾಗಿರಿಯ ಬೋಟಿಗೆ ಹೋದ ಅಣ್ಣನ ಮಾತು,
ಯಾರೋ ಜಾರಿದ್ದು, ಇಬ್ಬರೂ ನಕ್ಕಿದ್ದು.
ನೀರು ಏರಿತು. ಲೆನ್ಸಿಗೆ ಒಂದು ಹನಿ.
ಉಪ್ಪುಕೈಯೊಂದು ಎತ್ತಿಕೊಂಡಿತು.
ಕೊನೆಯ ಹೆಸರುಪಟ್ಟಿಯಲ್ಲಿ
ಛಾಯಾಗ್ರಹಣ: ಮೊದಲು ನಾನು, ಆಮೇಲೆ ಕಲ್ಲು.

ಚೌಕಟ್ಟಿಗೆ ಇಪ್ಪತ್ತರಲ್ಲಿ ಎಷ್ಟು?

ನೌಕಾನೆಲೆಗೆ ಊರು ಬಿಟ್ಟುಕೊಟ್ಟ ವರ್ಷ
ಅರಗಾದಲ್ಲಿ ನಾನೂ ಒಂದು ಚಿತ್ರ ಮಾಡಿದ್ದೆ.
ತನ್ನ ಮನೆಯ ಬಾಗಿಲಿನ ದಾರಂದ ತಾನೇ ಕಿತ್ತ ಮುದುಕಿ
ಒಂದು ತುದಿ ಹೆಗಲಿಗೆ ಕೊಟ್ಟು, ಇನ್ನೊಂದು ನೆಲಕ್ಕೆ ಎಳೆಯುತ್ತ
ನನ್ನ ಕಡೆ ತಿರುಗಿ ‘ಒಂಚೂರು ಹಿಡಿ, ತಮ್ಮಾ’ ಅಂದಳು.
ನಾನು ಕೈಸನ್ನೆ ಮಾಡಿದೆ:
ಈ ಕಡೆ ನೋಡಬೇಡಿ.
ಆಮೇಲೆ ಆಕೆ ನೋಡಲಿಲ್ಲ.
ಎಷ್ಟು ಚೆಂದದ ಬೆಳಕಿತ್ತು. ಹುಬ್ಬಳ್ಳಿಯಲ್ಲಿ ಆ ಷಾಟಿಗೆ ಚಪ್ಪಾಳೆ.
ಸಿಕ್ಕ ಕಪ್ಪಿನಲ್ಲಿ ಈಗ ರಬ್ಬರು, ಪಿನ್ನು, ಮುರಿದ ಪೆನ್ಸಿಲ್ಲು.

ಕೆಂಪು ಪೆನ್ನು ಮುಚ್ಚಿಟ್ಟು ಅದೇ ಪೆನ್ಸಿಲ್ಲು ತೆಗೆದೆ.
ಧ್ವನಿಗೆ ಇಪ್ಪತ್ತು. (ಗಾಳಿ ಹೊಡೆದಿದೆ. ಹೊಡೆಯಲಿ.)
ಸಂಶೋಧನೆಗೆ ಹತ್ತು. ಸಂಕಲನ ಹನ್ನೊಂದು, ಅದು ನಿಜವಾಗಿಯೂ ಒರಟು.
ಚೌಕಟ್ಟಿಗೆ ನಾಲ್ಕು ಬರೆದೆ, ಅಳಿಸಿದೆ,
ಹದಿನೆಂಟು ಬರೆದೆ, ಅದೂ ಸುಳ್ಳೆನಿಸಿ ಅಳಿಸಿದೆ.
ಹಾಳೆ ಅಲ್ಲಿ ತೆಳುವಾಗಿ ಕೆಳಗಿನ ಮೇಜು ಕಾಣುತ್ತಿದೆ.
ಧಾರವಾಡದಿಂದ ಬರುವ ಪರೀಕ್ಷಕರು ಕೇಳುತ್ತಾರೆ:
ನಾಲ್ಕು ನಿಮಿಷ ಚಿತ್ರವೇ ಇಲ್ಲವಲ್ಲ ಮೇಷ್ಟ್ರೇ?
ಏಡಿ ಇದೆ ಸಾರ್, ಅನ್ನಲೆ?

ಹೊರಗೆ ಹೆದ್ದಾರಿಯಲ್ಲಿ ಗೋವೆಯ ಕಡೆಗೆ ಲಾರಿಗಳು.
ಇನ್ನೆರಡು ಚಿತ್ರ ಬಾಕಿ. ಸೋಮವಾರ ಮೌಖಿಕ.
ಸ್ನೇಹಲ್‌ಗೆ ಕೇಳಲು ಒಂದೇ ಪ್ರಶ್ನೆ ಬರೆದುಕೊಂಡಿದ್ದೇನೆ,
ಅದಕ್ಕೆ ನನ್ನ ಪಟ್ಟಿಯಲ್ಲಿ ಕಾಲಮ್ಮಿಲ್ಲ:
ಅವತ್ತು ಬಳಚು ಎಷ್ಟು ಸೇರು ಸಿಕ್ಕಿತು?